ಕನ್ನಡ ಟೈಪ್ ಮಾಡುವ ಕೀಲಿಮಣೆ ರೂಪಿಸಿದವರು ಮಂಗಳೂರಿನವರಾ?

ಹೌದು, ನಮ್ಮವರೇ. ಕೆ. ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದರು. ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿಂದ ಮುಂದೆ ಅಚ್ಚು ಮತ್ತು ಅಕ್ಷರ ಜೋಡಣೆಯ ಕೆಲಸಕ್ಕೆ ಬಂದರು.

ಅವರ ದೊಡ್ಡ ಕೆಲಸ ಇರುವುದು ಕೀಲಿಮಣೆಯಲ್ಲೇ. ಕನ್ನಡದ ಅಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ರೂಪಗಳು ಸಾವಿರಾರು. ಅಷ್ಟಕ್ಕೂ ಕೀಲಿ ಎಲ್ಲಿಂದ ತರೋದು? ಅವರು ಬರವಣಿಗೆ ನೋಡಲಿಲ್ಲ, ಉಚ್ಚಾರ ಹಿಡಿದರು. ಮೊದಲು ವ್ಯಂಜನ, ಆಮೇಲೆ ಸ್ವರ, ಅಷ್ಟೇ. ಹಾಗಾಗಿ ಇಂಗ್ಲಿಷ್‌ನ 26 ಕೀಲಿಗಳೇ ಸಾಕಾದವು. 'ಉಡುಪಿ' ಬರೆಯಬೇಕಾ? ಯು, ಡಬ್ಲ್ಯು, ಯು, ಪಿ, ಐ ಒತ್ತಿ (ಡ ಇರುವುದು ಡಬ್ಲ್ಯು ಕೀಲಿಯಲ್ಲಿ). ಐದೇ ಕೀಲಿ! ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತು ಬೇಕಾದರೆ ನಡುವೆ ಎಫ್: ಕೆ, ಎಫ್, ಕೆ ಅಂದರೆ 'ಕ್ಕ'. ಯಾವ ಒತ್ತು ಎಲ್ಲಿ ಕೂರಬೇಕು ಅನ್ನೋದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಇದನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟರು. ನನಗೆ ಅವರ ಮೇಲೆ ಗೌರವ ಜಾಸ್ತಿ ಆಗೋದು ಇದಕ್ಕೇ. ಕರ್ನಾಟಕ ಸರ್ಕಾರ ಸ್ವಲ್ಪ ಬದಲಾವಣೆಯೊಂದಿಗೆ ಇದನ್ನೇ ಅಧಿಕೃತ ವಿನ್ಯಾಸ ಮಾಡಿತು. ಕನ್ನಡ ಟೈಪ್ ಮಾಡುವ ತಂತ್ರಾಂಶ 'ನುಡಿ'ಯಲ್ಲಿ ಇರುವುದೂ ಇದೇ. ಹಾಗಾಗಿ ಉಡುಪಿಯ ತಾಲೂಕು ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ದಿನವೂ ಇದನ್ನು ಒತ್ತುವವರಿದ್ದಾರೆ, ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿಲ್ಲ.

'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವೂ ಅವರದ್ದೇ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ಆ ಹೆಸರು. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು.