ಓದುಗರ ಪ್ರಶ್ನೆ: ಅಂಟಂಟಾದ ಸಿಲಿಕೋನ್, ಓಲಾಡುವ ಇಸಿಜಿ

ಪ್ರಶ್ನೆ: ಎದೆಗೆ ಅಂಟಿಸುವ ಮೃದು ಇಸಿಜಿ ಪಟ್ಟಿಯನ್ನು ಸಿಲ್ಗಾರ್ಡ್ 184 ಸಿಲಿಕೋನ್‌ನಲ್ಲಿ ಮಾಡುತ್ತಿದ್ದೇವೆ. ಕೆಲವು ಕಡೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಕೂಡ ಓಲಾಡುತ್ತದೆ. ಏನು ಮಾಡಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕಾರವಾರ

ಉತ್ತರ: ಮೊದಲು ಕೈಗವಸು ನೋಡಿ. ರಬ್ಬರ್ ಲೇಟೆಕ್ಸ್‌ನ ಗಂಧಕ ಈ ಸಿಲಿಕೋನ್‌ನ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ; ಮುಟ್ಟಿದಲ್ಲೆಲ್ಲ ಹಸಿಯಾಗೇ ಉಳಿಯುತ್ತದೆ. ನೈಟ್ರೈಲ್ ಕೈಗವಸಿನಲ್ಲೂ ಗಂಧಕ ಇರಬಹುದು, ವಿನೈಲ್ ವಾಸಿ. ಸಿಲಿಕೋನ್‌ನ ಎರಡು ಭಾಗಗಳನ್ನು (ಮೂಲ ದ್ರವ, ಗಟ್ಟಿಗೊಳಿಸುವ ದ್ರವ) ಕಣ್ಣಳತೆಯಲ್ಲಿ ಬೆರೆಸಬೇಡಿ: 10 ಗ್ರಾಂ ಮೂಲ ದ್ರವಕ್ಕೆ 1 ಗ್ರಾಂ ಗಟ್ಟಿಗೊಳಿಸುವ ದ್ರವ, ತಕ್ಕಡಿಯಲ್ಲೇ ತೂಗಿ. ಪಾತ್ರೆಯ ತಳ, ಅಂಚು ಕೆರೆದು ಚೆನ್ನಾಗಿ ಕಲಸಿ. ಗುಳ್ಳೆ ಹೋಗುವವರೆಗೆ ನಿರ್ವಾತದಲ್ಲಿಟ್ಟು, 100 ಡಿಗ್ರಿಯಲ್ಲಿ 35 ನಿಮಿಷ ಬೇಯಿಸಿ. ದಪ್ಪ ಅಚ್ಚು ನಿಧಾನವಾಗಿ ಕಾಯುವುದರಿಂದ ಸ್ವಲ್ಪ ಹೆಚ್ಚು ಹೊತ್ತು ಕೊಡಿ.

ಪದರ ತೆಳುವಾಗಿರಲಿ. ದಪ್ಪ ಅರ್ಧವಾದರೆ ಬಾಗುವ ಬಿಗಿತ ಎಂಟನೇ ಒಂದು ಭಾಗಕ್ಕಿಳಿಯುತ್ತದೆ. ಚರ್ಮದ ಮಡಿಕೆಗೆ ಹೊಂದುವ ಗುಟ್ಟು ಇದೇ. ತಂತಿಯನ್ನು ನೇರವಾಗಿ ಎಳೆಯದೆ ಹಾವಿನ ನಡೆಯಂತೆ ಬಳುಕಿಸಿ, ಎಳೆದಾಗ ತುಂಡಾಗುವುದಿಲ್ಲ.

ಓಲಾಟಕ್ಕೆ ಬಹುಮಟ್ಟಿಗೆ ಕಾರಣ ಬೆವರು. ಕರಾವಳಿಯ ತೇವದಲ್ಲಿ ಅದು ಆರದೆ ಪಟ್ಟಿಯಡಿ ನಿಂತು ಅಂಟು ಬಿಡಿಸುತ್ತದೆ. ಎರಡು ಎಲೆಕ್ಟ್ರೋಡ್ ನಡುವೆ ಹರಡಿದರೆ ಸಿಗ್ನಲ್ ಕುಗ್ಗುತ್ತದೆ. ಎಲೆಕ್ಟ್ರೋಡ್ ಇಲ್ಲದ ಕಡೆ 1 ಮಿಮೀ ತೂತುಗಳನ್ನು ಹೊಡೆಯಿರಿ. ಚರ್ಮವನ್ನು ಸೋಪಿನಿಂದ ತೊಳೆದು, ಪೂರ್ತಿ ಒರೆಸಿ ಅಂಟಿಸಿ. ಎಣ್ಣೆ, ಪೌಡರ್ ಬೇಡ.

ಒಂದು ಮಾತು ಕಡ್ಡಾಯ: ಮೈಗೆ ಅಂಟಿಸಿದಾಗ ಸರ್ಕಿಟ್ ಬ್ಯಾಟರಿಯಲ್ಲೇ ಓಡಲಿ. ಚಾರ್ಜರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪಿಗೆ ತಂತಿ ಜೋಡಿಸಲೇಬೇಡಿ, ದತ್ತಾಂಶವನ್ನು ಬ್ಲೂಟೂತ್‌ನಲ್ಲಿ ಕಳಿಸಿ.