ಸೊಂಟದ ರೇಖೆ ಪೂರ್ತಿ ಮೇಲಕ್ಕೆ ಸರಿದಿದ್ದರೆ ಮೊದಲು ಪೆಲ್ವಿಸ್ ನೋಡಿ

ನಡಿಗೆ ವಿಶ್ಲೇಷಣೆಯಲ್ಲಿ (ಮೈಗೆ ಮಾರ್ಕರ್ ಎಂಬ ಗುರುತುಗಳನ್ನು ಅಂಟಿಸಿ, ಕ್ಯಾಮೆರಾದಿಂದ ಕೀಲುಗಳ ಕೋನ ಅಳೆಯುವುದು) ಆರೋಗ್ಯವಂತರು ನಡೆದಾಗಲೂ ಸೊಂಟದ ಕೀಲಿನ ಎಕ್ಸ್‌ಟೆನ್ಷನ್ (ತೊಡೆ ಹಿಂದಕ್ಕೆ ಚಾಚುವುದು) ಗ್ರಾಫಿನಲ್ಲಿ ಬರುತ್ತಿಲ್ಲ, ಇಡೀ ರೇಖೆ 8–10 ಡಿಗ್ರಿ ಫ್ಲೆಕ್ಷನ್ (ತೊಡೆ ಮುಂದಕ್ಕೆ ಮಡಚುವುದು) ಕಡೆ ಸರಿದಿದೆ, ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕ್ಯಾಮೆರಾ ಮೇಲೆ ನನಗೆ ಅನುಮಾನವಿಲ್ಲ. ರೇಖೆಯ ಆಕಾರ ಸರಿಯಿದ್ದು, ಒಟ್ಟು ಚಲನೆ 40 ಡಿಗ್ರಿಯ ಆಸುಪಾಸಿನಲ್ಲಿದ್ದರೆ ತಪ್ಪು ಬಹುತೇಕ ಪೆಲ್ವಿಸ್ (ಸೊಂಟದ ಮೂಳೆಗಳ ಉಂಗುರ) ಮೇಲಿನ ಮಾರ್ಕರ್‌ಗಳದ್ದೇ.

ಸೊಂಟದ ಕೋನ ಎಂದರೆ ಪೆಲ್ವಿಸ್‌ಗೆ ಹೋಲಿಸಿದ ತೊಡೆಯ ಕೋನ. ಎಎಸ್‌ಐಎಸ್ (ಪೆಲ್ವಿಸ್‌ನ ಮುಂದಿನ ಮೂಳೆ ತುದಿ) ಮತ್ತು ಪಿಎಸ್‌ಐಎಸ್ (ಹಿಂದಿನ ಮೂಳೆ ತುದಿ) ಮಾರ್ಕರ್‌ಗಳ ನಡುವೆ ಮುಂದೆ-ಹಿಂದೆ ಸುಮಾರು 15 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಮುಂದಿನವು 1 ಸೆಂ.ಮೀ. ಕೆಳಗೆ ಕೂತರೆ ಪೆಲ್ವಿಸ್ 4 ಡಿಗ್ರಿ ಮುಂದಕ್ಕೆ ಬಾಗಿದಂತೆ ಲೆಕ್ಕವಾಗುತ್ತದೆ. ಹಿಂದಿನವೂ 1 ಸೆಂ.ಮೀ. ಮೇಲೆ ಹೋದರೆ 8 ಡಿಗ್ರಿ ಆಗಿಯೇ ಹೋಯಿತು! ಅಷ್ಟೂ ಫ್ಲೆಕ್ಷನ್‌ಗೆ ಸೇರುತ್ತದೆ. ಹೊಟ್ಟೆ ಇರುವವರಲ್ಲಿ ಮೂಳೆಯ ತುದಿ ಬೆರಳಿಗೆ ಸಿಗುವುದೇ ಕಷ್ಟ, ಒತ್ತಿ ಹುಡುಕಬೇಕು. ಚಡ್ಡಿಯ ಬಟ್ಟೆ ಮೇಲೆ ಮಾರ್ಕರ್ ಅಂಟಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ನಿಂತ ಭಂಗಿಯ ಸ್ಟ್ಯಾಟಿಕ್ ಟ್ರಯಲ್ ತೆರೆಯಿರಿ. ಪೆಲ್ವಿಸ್ ಬಾಗು 10 ಡಿಗ್ರಿ ಸುತ್ತ ಇರಬೇಕಾದದ್ದು 20 ತೋರಿಸಿದರೆ ಕಾರಣ ಸಿಕ್ಕಂತೆ. ಆದರೂ ಥಾಮಸ್ ಟೆಸ್ಟ್ (ಅಂಗಾತ ಮಲಗಿಸಿ ಸೊಂಟದ ಮುಂಭಾಗದ ಬಿಗಿತ ನೋಡುವ ಪರೀಕ್ಷೆ) ಮಾಡಿಬಿಡಿ. ಬಿಗಿತ ನಿಜವಾಗಿಯೂ ಇರಬಹುದು. ತುಂಬಾ ನಿಧಾನ ನಡೆದರೂ ಎಕ್ಸ್‌ಟೆನ್ಷನ್ ಕಡಿಮೆಯಾಗುತ್ತದೆ.

ಸೊಂಟದ ಕೀಲಿನ ಕೇಂದ್ರ ಎಲ್ಲಿದೆ ಎಂದು ಅಂದಾಜಿಸಲು, ಪೆಲ್ವಿಸ್ ಅಳತೆಗಳಿಂದ ಲೆಕ್ಕ ಹಾಕುವ ಹ್ಯಾರಿಂಗ್ಟನ್ 2007ರ ಸೂತ್ರ ಬಳಸಿ. ಕಾಲನ್ನು ಸಾಕಷ್ಟು ಅಗಲವಾಗಿ ಆಡಿಸಬಲ್ಲವರಿಗೆ ಆ ಚಲನೆಯಿಂದಲೇ ಕೇಂದ್ರ ಹುಡುಕುವ ಫಂಕ್ಷನಲ್ ವಿಧಾನವೂ ಆದೀತು. ರೊಟೇಶನ್ (ತೊಡೆ ಒಳಕ್ಕೆ-ಹೊರಕ್ಕೆ ತಿರುಗುವುದು) ರೇಖೆಯನ್ನು ಮಾತ್ರ ಸುಲಭಕ್ಕೆ ನಂಬಬೇಡಿ: ತೊಡೆಯ ಚರ್ಮ, ಸ್ನಾಯು ಮೂಳೆಯ ಮೇಲೆ ಜಾರುತ್ತಲೇ ಇರುತ್ತವೆ, ಜೊತೆಗೆ ಮಾರ್ಕರ್‌ಗಳೂ.