ಡಬ್ಬ ಒಡೆದಿಲ್ಲ, ದುಡ್ಡೂ ಇಲ್ಲ

ಬೀಗ, ಕೀಲಿ, ಸಣ್ಣ ಯಂತ್ರಗಳು: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ನಮ್ಮ ಸ್ವಸಹಾಯ ಸಂಘದ ಉಸ್ತುವಾರಿಯಲ್ಲಿದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ನೀರು. ಈಚೆಗೆ ಡಬ್ಬದಲ್ಲಿ ದುಡ್ಡು ಕಡಿಮೆ ಬರುತ್ತಿದೆ, ಕ್ಯಾನ್ ಹಿಡಿದ ಜನರ ಸಾಲು ಮಾತ್ರ ಕಡಿಮೆಯಾಗಿಲ್ಲ. ಬಾಗಿಲು ಮೀಟಿದ ಗುರುತಿಲ್ಲ, ಬೀಗಕ್ಕೆ ಗೀರೂ ಇಲ್ಲ. ಪೈಪಿನಂಥ ದುಂಡು ಕೀಲಿಯ ಬೀಗ ಅದು. ಅದನ್ನು ಪೆನ್ನಿನಿಂದಲೇ ತೆಗೆಯಬಹುದು ಅಂತ ಹುಡುಗರು ಹೇಳುತ್ತಾರೆ. ಬೀಗ ಬದಲಿಸಿದರೆ ಸಾಕೇ?
– ಸಂಘದ ಕಾರ್ಯದರ್ಶಿ, ಹಿರಿಯೂರು ತಾಲ್ಲೂಕು

ಉತ್ತರ: ಅಮ್ಮಾ, ಪೆನ್ನಿನ ಕಥೆ ಸುಳ್ಳಲ್ಲ. ಆದರೆ ನಿಮ್ಮ ಡಬ್ಬ ತೆಗೆದದ್ದು ಪೆನ್ನಲ್ಲ, ಕೀಲಿಯೇ ಅಂತ ನನ್ನ ಗುಮಾನಿ. ಯಾಕೆ ಅಂತ ಹೇಳುತ್ತೇನೆ.

ಆ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ. ಕೊಳವೆಯ ಬಾಯಿಯ ಸುತ್ತ ಸಣ್ಣ ಸಣ್ಣ ಕಚ್ಚುಗಳಿವೆ, ಒಂದೊಂದರ ಆಳ ಒಂದೊಂದು ಥರ. ಸಾಮಾನ್ಯವಾಗಿ ಏಳು ಇರುತ್ತವೆ. ಬೀಗದೊಳಗೂ ಅಷ್ಟೇ ಪಿನ್‌ಗಳು ದುಂಡಗೆ ನಿಂತಿರುತ್ತವೆ, ಅವುಗಳ ಬೆನ್ನಿಗೆ ಸ್ಪ್ರಿಂಗ್. ಕೀಲಿ ಒತ್ತಿದಾಗ ಪ್ರತಿ ಪಿನ್ನೂ ತನ್ನ ಲೆಕ್ಕದಷ್ಟೇ ಒಳಕ್ಕೆ ಸರಿಯಬೇಕು. ಏಳೂ ಸರಿಯಾಗಿ ಕೂತರೆ ಬೀಗ ತಿರುಗುತ್ತದೆ, ಒಂದು ಹೆಚ್ಚುಕಮ್ಮಿಯಾದರೂ ಜಪ್ಪಯ್ಯ ಅನ್ನುವುದಿಲ್ಲ.

ಅಮೆರಿಕದ ಷಿಕಾಗೊ ಲಾಕ್ ಕಂಪನಿ ‘ಏಸ್’ ಅನ್ನುವ ಹೆಸರಿನಲ್ಲಿ 1933ರಲ್ಲಿ ಈ ಬೀಗವನ್ನು ಮಾರುಕಟ್ಟೆಗೆ ತಂದಿತು. ಕೂಲ್ ಡ್ರಿಂಕ್ಸ್ ಮಷೀನು, ಕಾಸು ಹಾಕಿ ಬಟ್ಟೆ ಒಗೆಯುವ ಮಷೀನು ಇಟ್ಟವರಿಗೆಲ್ಲ ಅದು ಹಿಡಿಸಿತು. ಬೀದಿಬದಿಯ ಕೀ ಮೇಕರ್ ಹತ್ತಿರ ಇದರ ಡೂಪ್ಲಿಕೇಟ್ ಸುಲಭಕ್ಕೆ ಸಿಗುತ್ತಿರಲಿಲ್ಲ, ಮಾಮೂಲಿ ಬೀಗ ಬಿಚ್ಚುವ ತಂತಿಗಳೂ ಇದಕ್ಕೆ ಹೊಂದುತ್ತಿರಲಿಲ್ಲ. ಬಹಳ ಕಾಲ ಇದರ ಭದ್ರತೆ ಅಂದರೆ ಅಷ್ಟೇ. ಬೀಗ ಗಟ್ಟಿ ಅಂತಲ್ಲ, ಅಪರೂಪ ಅಂತ. ಆ ಅಪರೂಪ ಈಗಿಲ್ಲ. ಏಳೂ ಪಿನ್ ಬೀಗದ ಬಾಯಲ್ಲೇ ಇರುವುದರಿಂದ ಎಲ್ಲವನ್ನೂ ಒಟ್ಟಿಗೆ ತಡಕುವ ಸಾಧನಗಳು ಬಂದಿವೆ. ಒಮ್ಮೆ ತೆರೆದರೆ ಆ ಸಾಧನದ ಕಡ್ಡಿಗಳು ನಿಂತಲ್ಲೇ ನಿಲ್ಲುತ್ತವೆ, ಆಮೇಲೆ ಆ ಸಾಧನವೇ ಕೀಲಿ.

ಇನ್ನು ಪೆನ್ನು. 2004ರಲ್ಲಿ ಅಮೆರಿಕದಲ್ಲಿ ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಸೈಕಲ್ ಬೀಗಗಳನ್ನು ಬಿಕ್ ಬಾಲ್‌ಪೆನ್ನಿನ ಕೊಳವೆಯಿಂದ ತೆರೆದು ತೋರಿಸಿದರು. ದೊಡ್ಡ ಗಲಾಟೆಯಾಗಿ ಕಂಪನಿ ಹಳೆಯ ಬೀಗಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡಬೇಕಾಯಿತು. ತಮಾಷೆಯೆಂದರೆ ಇದೇ ದೋಷವನ್ನು ಬ್ರಿಟನ್ನಿನ ಒಂದು ಸೈಕಲ್ ಪತ್ರಿಕೆ 1992ರಲ್ಲೇ ಬರೆದಿತ್ತು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊಳವೆಯ ಅಳತೆ ಬೀಗಕ್ಕೆ ಸರಿಹೊಂದಿತು, ಪ್ಲಾಸ್ಟಿಕ್ ಮೆತ್ತಗಿದ್ದುದರಿಂದ ಪಿನ್‌ಗಳ ಅಚ್ಚು ಅದರ ಮೇಲೆ ಬಿತ್ತು. ಎಲ್ಲ ದುಂಡು ಬೀಗವೂ ಹಾಗೆ ಬಾಯಿ ಬಿಡುವುದಿಲ್ಲ. ಸ್ಪ್ರಿಂಗುಗಳ ಬಿಗಿ ಬೇರೆ ಬೇರೆ ಇಟ್ಟು, ಪಿನ್‌ಗಳ ಸೊಂಟ ಕೊರೆದು ಮಾಡಿದ ಒಳ್ಳೆಯ ಬೀಗಗಳೂ ಇವೆ.

ಈಗ ನಿಮ್ಮ ಡಬ್ಬಕ್ಕೆ ಬರೋಣ. ಪೆನ್ನೋ ಕಡ್ಡಿಯೋ ಹಿಡಿದು ರಾತ್ರಿ ಬಂದ ಕಳ್ಳ ಅರ್ಧ ದುಡ್ಡು ಬಿಟ್ಟು ಹೋಗುತ್ತಾನೆಯೇ? ಬಾಚಿಕೊಂಡು ಹೋಗುತ್ತಾನೆ. ನಿಮ್ಮಲ್ಲಿ ಪೂರ್ತಿ ಖಾಲಿಯಾಗುತ್ತಿಲ್ಲ, ಕಡಿಮೆಯಾಗುತ್ತಿದೆ. ಅನುಮಾನ ಬಾರದಷ್ಟು ತೆಗೆದು ಮಿಕ್ಕದ್ದು ಬಿಡುವವನ ಹತ್ತಿರ ಕೀಲಿ ಇದೆ, ಪುರುಸೊತ್ತೂ ಇದೆ.

ಕೀಲಿ ಹೇಗೆ ಬಂತು? ಕಡಿಮೆ ಬೆಲೆಯ ಬೀಗಗಳನ್ನು ಸಗಟಾಗಿ ಮಾಡುವಾಗ ಎಷ್ಟೋ ಸಲ ಲಾಟಿನಲ್ಲಿರುವ ಎಲ್ಲಕ್ಕೂ ಒಂದೇ ಕಚ್ಚು ಹಾಕಿರುತ್ತಾರೆ. ಸರ್ವಿಸ್ ಹುಡುಗನಿಗೆ ಗೊಂಚಲು ಹೊರುವ ತಾಪತ್ರಯ ತಪ್ಪಲಿ ಅಂತ ಮಷೀನು ಕೊಡುವವರೂ ಇದನ್ನೇ ಇಷ್ಟಪಡುತ್ತಾರೆ. ನಾನು ರೈಲ್ವೆ ಪ್ಲಾಟ್‌ಫಾರಂಗಳ ತೂಕದ ಮಷೀನು ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ನನ್ನ ಜೇಬಿನ ಒಂದೇ ಕೀಲಿ ಇಡೀ ಲೈನಿನ ಮಷೀನುಗಳಿಗೆ ಆಗುತ್ತಿತ್ತು. ಕೆಲಸ ಬಿಟ್ಟವರು ಕೀಲಿ ವಾಪಸ್ ಕೊಟ್ಟರೋ ಇಲ್ಲವೋ, ಕೇಳಿದವರಿಲ್ಲ.

ಪಕ್ಕದೂರಿನ ಘಟಕದವರನ್ನು ಕರೆದು, ಅವರ ಎದುರಿಗೇ ಅವರ ಕೀಲಿಯನ್ನು ನಿಮ್ಮ ಬೀಗಕ್ಕೆ ಹಾಕಿ ನೋಡಿ. ತಿರುಗಿದರೆ ಉತ್ತರ ಸಿಕ್ಕಿತು. ಬೀಗದ ಮುಖದ ಮೇಲೆ ಕೊರೆದ ನಂಬರ್ ಇದೆಯೇ ಅಂತಲೂ ನೋಡಿ. ಎಷ್ಟೋ ಬೀಗಗಳಲ್ಲಿ ಅದು ಕೀಲಿಯ ಕೋಡು. ಅದನ್ನು ಬರೆದುಕೊಂಡವನಿಗೆ ಕೀಲಿ ತರಿಸುವುದು ಕಷ್ಟವಲ್ಲ.

ಹಾಗಾಗಿ ಅದೇ ನಮೂನೆಯ ಹೊಸ ಬೀಗ ತಂದು ಹಾಕಿದರೆ ದುಡ್ಡು ದಂಡ. ಪಿನ್ನಿನ ಬದಲು ತಿರುಗುವ ಬಿಲ್ಲೆಗಳಿರುವ ಫಿನ್ಲೆಂಡಿನ ಅಬ್ಲಾಯ್ ಬೀಗಗಳು ನಿಜಕ್ಕೂ ಗಟ್ಟಿ. 1907ರಿಂದ ಬಂದ ವಿದ್ಯೆ ಅದು. ಆದರೆ ಐದು ರೂಪಾಯಿ ನಾಣ್ಯದ ಡಬ್ಬಕ್ಕೆ ಅದನ್ನು ತರಿಸಿ ಅನ್ನಲು ನನಗೆ ಮನಸ್ಸಿಲ್ಲ. ಹೊರಬಾಗಿಲಿನ ದುಂಡು ಬೀಗ ರಿಪೇರಿಯವರಿಗೆ ಇರಲಿ. ಒಳಗೆ ಕಾಯಿನ್ ಬೀಳುವ ಜಾಗಕ್ಕೆ ವೆಲ್ಡಿಂಗ್ ಶಾಪಿನಲ್ಲಿ ದಪ್ಪ ತಗಡಿನ ಬೇರೆ ಪೆಟ್ಟಿಗೆ ಮಾಡಿಸಿ, ಚಿಲಕ ಇಡಿಸಿ, ನೀವೇ ಕೊಂಡ ಒಳ್ಳೆಯ ಬೀಗ ಹಾಕಿ. ಅದರ ಕೀಲಿ ವಾಟರ್‌ಮನ್ ಕೈಗೂ ಬೇಡ, ಗೋಡೆಯ ಮೊಳೆಗೂ ಬೇಡ. ತೆಗೆಯುವಾಗ ಇಬ್ಬರಿರಿ.

ಎಲ್ಲಕ್ಕಿಂತ ಮುಖ್ಯ, ಲೆಕ್ಕ. ನೀರು ಬಿಡುವ ಪೈಪಿಗೆ ಮೀಟರ್ ಇಲ್ಲದಿದ್ದರೆ ಹಾಕಿಸಿ. ಮೀಟರ್ ಎರಡು ಸಾವಿರ ಲೀಟರ್ ಓಡಿದ್ದರೆ ಪೆಟ್ಟಿಗೆಯಲ್ಲಿ ನೂರು ನಾಣ್ಯ, ಐನೂರು ರೂಪಾಯಿ ಇರಬೇಕು. ತೊಳೆಯಲು ಬಿಟ್ಟದ್ದು, ಸೋರಿದ್ದು ಸ್ವಲ್ಪ ಕಳೆಯಿರಿ. ಈ ಎರಡು ಅಂಕಿಗಳನ್ನು ಘಟಕದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಪೊಲೀಸರಿಗೆ ಹೇಳುವ ಮೊದಲು ಇದನ್ನು ಮಾಡಿ ನೋಡಿ.

ಪ್ರಶ್ನೆ: ನಮ್ಮ ಅಂಗಡಿ ಮುಂದಿನ ಹಳೆಯ ಕಾಯಿನ್ ಫೋನಿನ ಡಬ್ಬಕ್ಕೂ ದುಂಡು ಬೀಗ. ಕೀಲಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಎಣ್ಣೆ ಬಿಡಲೇ?
– ಓದುಗರು, ಗದಗ

ಉತ್ತರ: ಕೊಬ್ಬರಿ ಎಣ್ಣೆ ಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ ಸ್ವಾಮಿ. ಪಿನ್‌ಗಳು ಬಾಯಲ್ಲೇ ಇರುವ ಬೀಗಕ್ಕೆ ಬೀದಿ ಧೂಳು ನೇರವಾಗಿ ಕೂರುತ್ತದೆ, ಎಣ್ಣೆ ಸೇರಿದರೆ ಕೆಸರಾಗುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆಸಿ, ಗ್ರಾಫೈಟ್ ಪುಡಿ ಉದುರಿಸಿ. ಕೀಲಿಯ ಕೊಳವೆಯಿಂದ ಚಾಚಿದ ಸಣ್ಣ ಗುಬಟು ಬೀಗದ ಬಾಯಿಯ ಕಚ್ಚಿನೊಳಗೆ ಪೂರ್ತಿ ಕೂತಿದೆಯೇ ನೋಡಿ, ಒತ್ತಿ ಹಿಡಿದೇ ತಿರುಗಿಸಿ. ಪಕ್ಕಡ್ ಮಾತ್ರ ಹಾಕಬೇಡಿ. ಗುಬಟು ಮುರಿದರೆ ಡ್ರಿಲ್ ಹಾಕಿ ಬೀಗ ಕೊರೆಯಬೇಕಾಗುತ್ತದೆ.